ತಿಪ್ಪವ್ವನ ಬಳಸು

ಕಾರೇಹಟ್ಟಿಯ ಗುಡ್ಡಕ್ಕೆ ಈಗ ರಜೆ ಬಂತೆಂದರೆ ಊರಿನವರಿಗಿಂತ ಪರವೂರಿನವರೇ ಹೆಚ್ಚು. ಬುಡದಲ್ಲಿ ಅರಣ್ಯ ಇಲಾಖೆಯವರ ಕಮಾನು, ಅದರ ಮಗ್ಗುಲಲ್ಲಿ ಹಟ್ಟಿಯ ಹೆಂಗಸರ ಸಂಘದ ಮಜ್ಜಿಗೆ, ಸೀತಾಫಲ, ಹುರಿಗಾಳಿನ ಅಂಗಡಿ. ಅಲ್ಲಿಂದ ಕಲ್ಲು ಹಾಸಿದ ಕಾಲುದಾರಿ ಕಾರೇಗಿಡಗಳ ನಡುವೆ ಮೇಲಕ್ಕೆ ಹೋಗುತ್ತದೆ. ಏರು ಎಷ್ಟು ಹದವಾಗಿದೆಯೆಂದರೆ ಮೊಣಕಾಲು ಹಿಡಿದುಕೊಂಡವರೂ ಮಾತಾಡುತ್ತಲೇ ಹತ್ತಿಬಿಡುತ್ತಾರೆ. ಅರ್ಧ ಗುಡ್ಡ ಏರಿದ ಮೇಲೆ ಒಂದು ದೊಡ್ಡ ಹಾಸುಬಂಡೆ, ಅದರ ನಡುವೆ ಬೇಸಿಗೆಯಲ್ಲೂ ಬತ್ತದ ನೀರಿನ ದೊಣೆ. ಮನುಷ್ಯರಾದವರು ನೀರು ನೋಡಲು ಹೋಗುತ್ತಾರೆ. ಆದರೆ ದಾರಿ ಅಲ್ಲಿಗೆ ಬಂದೊಡನೆ ಮುನಿಸಿಕೊಂಡ ಅಳಿಯನ ಹಾಗೆ ಎಡಕ್ಕೆ ತಿರುಗಿ, ದೊಡ್ಡ ಗುಂಡುಕಲ್ಲಿನ ಹಿಂದೆ ಇಳಿದು, ಮುಳ್ಳು ಪೊದೆಗಳನ್ನೆಲ್ಲ ಸುತ್ತಿ, ಎಷ್ಟೋ ಹೊತ್ತಿನ ಮೇಲೆ ಮತ್ತೆ ಮೇಲೆ ಬಂದು ಕೂಡಿಕೊಳ್ಳುತ್ತದೆ. ದೊಣೆಯ ಪಕ್ಕದಲ್ಲೇ ಹಾಯುವ ನೇರ ದಾರಿಯೊಂದು ಇದೆ, ಕಣ್ಣಿಗೂ ಕಾಣುತ್ತದೆ. ಇಡೀ ಗುಡ್ಡದಲ್ಲಿ ಅಷ್ಟು ಚೊಕ್ಕವಾಗಿ ಕಲ್ಲು ಕೂರಿಸಿದ ಜಾಗ ಬೇರೆಯಿಲ್ಲ. ಅದಕ್ಕೆ ಮುಳ್ಳು ಕಡಿದು ಅಡ್ಡ ಹಾಕಿದ್ದಾರೆ. ಸುತ್ತುವ ದಾರಿಯ ಕಲ್ಲುಗಳೋ ಸಣ್ಣವು, ಒರಟು, ಒಂದರಂತೆ ಒಂದಿಲ್ಲ. ಬಂದವರು ಬೈದುಕೊಳ್ಳುತ್ತ ಸುತ್ತುತ್ತಾರೆ. ಈ ಸುತ್ತಿಗೆ ಹಟ್ಟಿಯವರು ತಿಪ್ಪವ್ವನ ಬಳಸು ಎನ್ನುತ್ತಾರೆ.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ಪಾಳೆಯಗಾರನಿದ್ದ ಕಾಲದಲ್ಲಿ, ಈ ಸೀಮೆಯನ್ನು ಸೂರಪ್ಪನಾಯಕನೆಂಬವನು ಆಳುತ್ತಿದ್ದನಂತೆ. ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಒಳ್ಳೆಯವನೆಂದೂ ಹೇಳುವುದಿಲ್ಲ. ಯುದ್ಧವಿಲ್ಲದ ಒಂದಷ್ಟು ವರ್ಷ ಸಿಕ್ಕಿದ್ದರಿಂದ ಅವನಿಗೆ ಬೇಸರ ಬಂದಿತ್ತು, ಅಷ್ಟೇ. ನೆರೆಯ ದೊರೆಗಳೆಲ್ಲ ಕೆರೆಯ ಏರಿಯ ಮೇಲೆ, ತೋಪಿನ ಒಳಗೆ ವಿಹಾರದ ದಾರಿ ಮಾಡಿಸಿಕೊಂಡಿದ್ದರು. ತನ್ನ ಬಳಿ ಇರುವುದು ಬರೀ ಬಂಡೆ, ಕರಡಿ ಮತ್ತು ಗಾಳಿ ಎಂದು ಅವನು ಕೊರಗುತ್ತಿದ್ದ. ಕೊನೆಗೆ ಆ ಮೂರನ್ನೇ ತೋರಿಸೋಣವೆಂದು ನಿಶ್ಚಯಿಸಿದ. ಗುಡ್ಡದ ಮೇಲಕ್ಕೆ ನಡೆಯುವ ದಾರಿ ಹಾಕಿಸುವುದು, ದೊಣೆಯ ಮೇಲುಗಡೆ ಒಂದು ಮಂಟಪ ಕಟ್ಟಿಸುವುದು, ಸಂಜೆ ನೀರಿಗೆ ಬರುವ ಮೃಗಗಳನ್ನು ನೆಂಟರೊಡನೆ ಕೂತು ನೋಡುವುದು. ಇದರಿಂದ ಹಟ್ಟಿಗೂ ಲಾಭವೇ ಇತ್ತು. ಹುಲ್ಲು ಹೊರುವ ಹೆಂಗಸರು ಅಲ್ಲಿಯವರೆಗೆ ಬಂಡೆಯ ಮೇಲೆ ತೆವಳಿ ಇಳಿಯುತ್ತಿದ್ದರು, ವರ್ಷಕ್ಕೊಬ್ಬಿಬ್ಬರು ಜಾರಿ ಬೀಳುತ್ತಿದ್ದರು. ನೆಂಟರು ಬಂದರೆ ಜೇನು ಮಾರಬಹುದು, ಹಾಲು ಮಾರಬಹುದು. ದಾರಿ ಬೇಡ ಎಂದವರು ಊರಲ್ಲಿ ಒಬ್ಬರೂ ಇರಲಿಲ್ಲ. ಕರಡಿಯನ್ನು ಯಾರೂ ಕೇಳಲಿಲ್ಲ.

ದಾರಿ ಹಾಕುವುದಕ್ಕೆಂದೇ ಆಗ ಒಂದು ಜನವಿತ್ತು. ಅವರನ್ನು ದಾರಿಯವರು ಎಂದೇ ಕರೆಯುತ್ತಿದ್ದರು. ಕತ್ತೆಗಳ ಮೇಲೆ ಗುದ್ದಲಿ, ಹಾರೆ, ಮಡಕೆ ಹೇರಿಕೊಂಡು ಸೀಮೆಯಿಂದ ಸೀಮೆಗೆ ಹೋಗುವವರು. ಊರಿಗೆಲ್ಲ ದಾರಿ ಮಾಡಿಕೊಡುತ್ತಿದ್ದ ಅವರಿಗೆ ನಿಲ್ಲಲು ಊರಿರಲಿಲ್ಲ. ಹುಟ್ಟಿದ್ದು ದಾರಿಯ ಬದಿಯಲ್ಲಿ, ಸತ್ತರೆ ಹೂಳುವುದೂ ದಾರಿಯ ಬದಿಯಲ್ಲಿ. ಗುಡ್ಡಕ್ಕೆ ದಾರಿ ಹಿಡಿಯುವಲ್ಲಿ ಅವರದೊಂದು ಕಟ್ಟಳೆ. ಗಬ್ಬದ ಕತ್ತೆಯೊಂದನ್ನು ಬೆಳಗಿನ ತಂಪಿನಲ್ಲಿ ಗುಡ್ಡದ ಬುಡದಲ್ಲಿ ಬಿಡಬೇಕು. ಹಗ್ಗ ಹಾಕಬಾರದು, ಕೋಲು ಮುಟ್ಟಿಸಬಾರದು. ಹೊಟ್ಟೆಯಲ್ಲಿ ಮರಿ ಹೊತ್ತ ಕತ್ತೆ ತನಗೆ ಹಗುರವಾದ ಕಡೆಯೇ ಏರುತ್ತದೆ, ಕಲ್ಲು ಜಾರುವಲ್ಲಿ, ಮೃಗ ಸುಳಿಯುವಲ್ಲಿ ಕಾಲಿಡುವುದಿಲ್ಲ. ಅದರ ಹಿಂದೆ ತಂಡದಲ್ಲಿ ಒಬ್ಬರೇ ಹೋಗಿ ಸುಣ್ಣದ ಗುರುತು ಹಾಕಿಕೊಂಡು ಬರಬೇಕು. ಉಳಿದವರು ಆ ಗುರುತಿನ ಮೇಲೆ ಕಲ್ಲು ಕೂರಿಸುತ್ತಾರೆ. ದಾರಿ ಮುಗಿದ ದಿನ ಗುರುತು ಹಾಕಿದವರ ಮನೆಯವರೇ ಅದರ ಮೇಲೆ ಮೊದಲು ನಡೆಯಬೇಕು, ಮನೆಯಲ್ಲಿ ಬಸುರಿಯಿದ್ದರೆ ಅವಳೇ ನಡೆಯಬೇಕು. ಬಸುರಿ ನಡೆದ ದಾರಿ ಲೋಕಕ್ಕೆಲ್ಲ ಸಲ್ಲುತ್ತದೆ ಎನ್ನುವುದು ಅವರ ನಂಬಿಕೆ. ಆ ತಂಡದಲ್ಲಿ ಸುಣ್ಣ ಹಿಡಿಯುವವಳು ತಿಪ್ಪವ್ವ. ಗಂಡ ಸತ್ತ ಮೇಲೆ ಆ ಕೆಲಸ ಅವಳಿಗೆ ಬಂದಿತ್ತು. ಅವಳಿಗಿದ್ದವಳು ಒಬ್ಬಳೇ ಮಗಳು, ಹೊನ್ನೂರಿ, ಚೊಚ್ಚಲ ಬಸುರಿ. ಜೊತೆಗೆ ಬೂದಿ ಎಂಬ ಕತ್ತೆ. ಅದರ ತಾಯಿ ಸತ್ತಾಗ ಹೊನ್ನೂರಿಯೇ ಬಟ್ಟೆಯ ತುದಿಯಲ್ಲಿ ಹಾಲದ್ದಿ ಚೀಪಿಸಿ ಸಾಕಿದ್ದಳು. ಈಗ ಅದಕ್ಕೂ ಹೊಟ್ಟೆ ತುಂಬಿತ್ತು.

ಸೂರಪ್ಪನಾಯಕ ತಂಡವನ್ನು ಕರೆಸಿ ಒಂದು ಮಾತು ಕೊಟ್ಟ. ದಾರಿ ಚೆನ್ನಾಗಿ ಆದರೆ ಗುಡ್ಡದ ಬುಡದ ಎರೆಹೊಲ ಇಡೀ ತಂಡಕ್ಕೆ, ಮಕ್ಕಳ ಕಾಲಕ್ಕೂ. ಆದರೆ ದಾರಿ ದೊಣೆಯ ಅಂಚಿನಲ್ಲೇ ಹೋಗಬೇಕು, ಮಂಟಪದಲ್ಲಿ ಕೂತವರಿಗೆ ನಡೆಯುವವರೂ ನೀರೂ ಒಟ್ಟಿಗೆ ಕಾಣಬೇಕು. ಕತ್ತೆಯ ಕಟ್ಟಳೆಯನ್ನೂ ಅವನು ಕೇಳಿ ತಿಳಿದಿದ್ದ. ಕತ್ತೆ ಒಪ್ಪದ ದಾರಿಯಲ್ಲಿ ನೆಂಟರನ್ನು ನಡೆಸಲು ಅವನಿಗೂ ಅಳುಕು. ಹಾಗಾಗಿ ಕತ್ತೆಯೂ ಒಪ್ಪಬೇಕು, ದೊಣೆಯ ಮೇಲೇ ಹೋಗಬೇಕು ಎಂದ. ದೊರೆಗಳ ಆಸೆ ಹಾಗೆಯೇ ಇರುತ್ತದೆ, ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ತಂಡದ ಹಿರಿಯ ಗಿರಿಯಜ್ಜನಿಗೆ ಎರೆಹೊಲ ಎಂಬ ಮಾತು ಕೇಳಿಯೇ ಕಣ್ಣಲ್ಲಿ ನೀರು ಬಂತು. ತಿಪ್ಪವ್ವ ಅಳಲಿಲ್ಲ. ಅವಳು ಬುಡದ ಕರಿಮಣ್ಣನ್ನು ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡಿದಳು. ಹೊನ್ನೂರಿಯನ್ನು ಅವಳು ಹೆತ್ತದ್ದು ಕೆಲಸದ ನಡುವೆ, ಜಲ್ಲಿಯ ರಾಶಿಯ ಮರೆಯಲ್ಲಿ, ಮಳೆಯಲ್ಲಿ. ಮೊಮ್ಮಗು ಹಾಗೆ ಹುಟ್ಟಬಾರದು, ತಮ್ಮದೆನ್ನುವ ನೆಲದ ಮೇಲೆ ಹುಟ್ಟಬೇಕು ಎಂದು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅದೊಂದು ಆಸೆಯನ್ನು ತಪ್ಪೆಂದು ಯಾರು ತಾನೆ ಹೇಳಿಯಾರು.

ಮೊದಲ ಬೆಳಗ್ಗೆ ಬೂದಿಯನ್ನು ಬಿಟ್ಟಳು. ಅದು ನಿಧಾನವಾಗಿ, ಹದವಾಗಿ ಏರಿತು. ಈಗಲೂ ಜನ ಮಾತಾಡುತ್ತ ಹತ್ತುವ ಆ ಏರು ಬೂದಿಯ ಕಾಲು ಹಿಡಿದದ್ದು. ಹಾಸುಬಂಡೆಯ ಹತ್ತಿರ ಬಂದದ್ದೇ ನಿಂತಿತು. ಮೂಗು ಮೇಲೆತ್ತಿತು, ಕಿವಿ ಹಿಂದಕ್ಕೆ ಹಾಕಿತು, ಎಡಕ್ಕೆ ತಿರುಗಿ ಗುಂಡಿನ ಹಿಂದೆ ಇಳಿದು ಸುತ್ತಿಕೊಂಡು ಹೋಯಿತು. ಮರುದಿನವೂ ಅಷ್ಟೇ. ಯಾಕೆಂದು ತಿಪ್ಪವ್ವನಿಗೆ ತಿಳಿಯದೆ ಇರಲಿಲ್ಲ. ದೊಣೆಯ ಸುತ್ತ ಹೆಜ್ಜೆ ಇತ್ತು, ಕಿತ್ತ ಗೆದ್ದಲ ಹುತ್ತವಿತ್ತು, ಬಂಡೆಯ ಸಂದಿನಲ್ಲಿ ಕರಿಯ ಕೂದಲಿತ್ತು. ಮರಿ ಹಾಕಿದ ಕರಡಿ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಗಾದೆ ಮಾಡಿದವನು ಕತ್ತೆ ಸಾಕಿದವನಲ್ಲ. ಕಸ್ತೂರಿ ಗೊತ್ತಿಲ್ಲದಿರಬಹುದು, ಕರಡಿಯ ವಾಸನೆ ಚೆನ್ನಾಗಿ ಗೊತ್ತಿತ್ತು. ಆಮೇಲಿನ ಬೆಳಗ್ಗೆ ತಿಪ್ಪವ್ವ ಸೊಂಟಕ್ಕೆ ಒಂದು ಚೀಲ ಕಟ್ಟಿಕೊಂಡು ಹೋದಳು. ಅದರಲ್ಲಿ ಬೆಲ್ಲದ ನೀರಿನಲ್ಲಿ ನೆನೆಸಿದ ಕುಸುಬೆ ಹಿಂಡಿ. ಬಂಡೆಯ ಹತ್ತಿರ ಬಂದಾಗ ಚೀಲವನ್ನು ಬೂದಿಯ ಮೂತಿಗೆ ಕಟ್ಟಿದಳು. ಹಗ್ಗ ಹಾಕಲಿಲ್ಲ, ಕೋಲು ಮುಟ್ಟಿಸಲಿಲ್ಲ. ಕಟ್ಟಳೆಯ ಒಂದಕ್ಷರವನ್ನೂ ಮೀರಲಿಲ್ಲ. ಹಿಂಡಿಯ ಘಾಟು ಮೂಗಿನ ತುಂಬ ತುಂಬಿ, ಬಾಯಿ ಅಗಿಯುತ್ತ, ಬೂದಿ ಸುಖವಾಗಿ ಅವಳ ಹಿಂದೆ ದೊಣೆಯ ಅಂಚಿನ ಮೇಲೆ ನಡೆದುಬಂತು. ಅವಳು ಸುಣ್ಣದ ಗುರುತು ಹಾಕುತ್ತ ಬಂದಳು. ಜನ ಓಡಾಡಿದರೆ ಮೃಗ ತಾನೇ ಜಾಗ ಬಿಟ್ಟು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಡಿಗೆ ದಾರಿ ಹಾಕುವವರೆಲ್ಲ ಇವತ್ತಿಗೂ ಹೇಳಿಕೊಳ್ಳುವ ಮಾತು ಅದೇ.

ದಾರಿ ಬೇಗ ಬೇಗ ಆಯಿತು. ಹೊಲದ ಆಸೆಗೆ ಮುದುಕರೂ ಕಲ್ಲು ಹೊತ್ತರು. ದೊಣೆಯ ಅಂಚಿನಲ್ಲಿ ನಾಯಕನ ಕಣ್ಣು ಬೀಳುವುದರಿಂದ ಅಲ್ಲಿ ಮಾತ್ರ ದೊಡ್ಡ ಚಪ್ಪಡಿಗಳನ್ನು ಉಳಿಯಿಂದ ಒಪ್ಪ ಮಾಡಿ, ಹುಲ್ಲಿನ ಎಸಳೂ ತೂರದ ಹಾಗೆ ಕೂಡಿಸಿದರು. ಕೆಲಸದ ಗದ್ದಲಕ್ಕೆ ಕರಡಿ ಹಗಲಿನಲ್ಲಿ ಕಾಣಿಸಿಕೊಳ್ಳಲಿಲ್ಲ. ಹೋಯಿತೆಂದೇ ಎಲ್ಲರೂ ತಿಳಿದರು. ಅದು ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೆ ಬೇರೆ ನೀರಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ನಾಯಕನ ನೆಂಟರು ಬಂದು ಹಿಂದಿನ ಇಳಿಜಾರಿನಿಂದ ಪಲ್ಲಕ್ಕಿಗಳಲ್ಲಿ ಮಂಟಪ ಸೇರಿದರು. ಕೆಳಗಿನಿಂದ ತಮಟೆ, ಮೇಲಿನಿಂದ ಕಹಳೆ. ಬುಡದಲ್ಲಿ ಹೊನ್ನೂರಿಗೆ ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸಿ, ಕೈಗೆ ಭಂಡಾರದ ಬುಟ್ಟಿ ಕೊಟ್ಟರು. ಉಬ್ಬಿದ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಅವಳು ನಗುತ್ತಿದ್ದಳು. ಹೊರಡುವ ಮೊದಲು ತಾಯಿಯನ್ನು ಪಕ್ಕಕ್ಕೆ ಕರೆದು ಕೇಳಿದಳಂತೆ.

"ಯವ್ವಾ, ಬಂಡೆ ಮ್ಯಾಗ ಅಂಜಿಕಿ ಐತಿ ಅಂತಾರ ಜನ. ನಮ್ಮ ಬೂದಿ ಅಲ್ಲಿಗೆ ತಾನಾಗೇ ಹೋತೇನು?"

ತಿಪ್ಪವ್ವನ ಬಾಯಿಗೆ ನಿಜ ಬಂದಿತ್ತು ಎನ್ನುತ್ತಾರೆ. ಅಷ್ಟರಲ್ಲಿ ಗಿರಿಯಜ್ಜ ಹೊಲದ ಕಡೆ ಕೈತೋರಿಸಿ, ಬದು ಎಲ್ಲಿ ಹಾಕುವುದು, ಗುಡಿಸಲು ಎಲ್ಲಿ ಎಂದು ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು.

"ತಾನಾಗೇ ಹೋತವ್ವ. ನಾ ಹಗ್ಗ ಮುಟ್ಟಿಲ್ಲ, ಕೋಲು ಮುಟ್ಟಿಲ್ಲ."

"ಹಂಗಾರ ನನಗ್ಯಾತರ ಅಂಜಿಕಿ," ಎಂದು ಹೊನ್ನೂರಿ ಹೊರಟಳು. ಅವಳು ಮುಂದೆ, ತಮಟೆಯವರು ಮಾರು ದೂರ ಹಿಂದೆ. ಬಿಸಿಲು ಇಳಿದಿತ್ತು. ಹಗಲೆಲ್ಲ ಬಾಯಾರಿದ್ದ ಕರಡಿ ಬೆನ್ನ ಮೇಲೆ ಎರಡು ಮರಿ ಹೊತ್ತು ನೀರಿಗೆ ಇಳಿದಿತ್ತು. ಕೆಳಗಿನಿಂದ ತಮಟೆ ಹತ್ತಿರ ಬಂತು, ಮೇಲೆ ಕಹಳೆ ಊದಿದರು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ನೀರು. ಅದಕ್ಕೆ ಓಡಿಹೋಗಲು ಉಳಿದದ್ದು ಹೊಸ ದಾರಿಯೊಂದೇ, ಆ ದಾರಿಯ ಮೇಲೆ ಹೊನ್ನೂರಿ ಬರುತ್ತಿದ್ದಳು. ಕರಡಿ ಮನುಷ್ಯರನ್ನು ಹಿಡಿಯುವುದು ಮುಖದ ಮೇಲೆ. ಮಂಟಪದಲ್ಲಿ ಕೂತ ನೆಂಟರಿಗೆ ಇದೂ ನಾಯಕ ಏರ್ಪಡಿಸಿದ ಆಟವೇ ಅನ್ನಿಸಿತಂತೆ. ಒಬ್ಬಿಬ್ಬರು ಭಲೆ ಎಂದು ಚಪ್ಪಾಳೆಯನ್ನೂ ತಟ್ಟಿದರು. ಚಪ್ಪಾಳೆ ಬೇಗ ನಿಂತಿತು ಎಂದು ಹೇಳುವವರುಂಟು. ಬೇಗ ನಿಲ್ಲಲಿಲ್ಲ ಎಂದು ಹೇಳುವವರೂ ಉಂಟು.

ಕೆಳಗೆ ಹೊತ್ತು ತಂದಾಗ ಹೊನ್ನೂರಿಗೆ ಇನ್ನೂ ಉಸಿರಿತ್ತು, ಮುಖವಿರಲಿಲ್ಲ. ಹೊಟ್ಟೆಯಲ್ಲಿನ ಕೂಸು ಆಡುವುದನ್ನು ನಿಲ್ಲಿಸಿತ್ತು. ತಿಪ್ಪವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾಯಿಯಿದ್ದ ಜಾಗದಿಂದ ಹೊನ್ನೂರಿ ಒಂದು ಮಾತಾಡಿದಳು. ಅದು ನೋವಿನ ಮಾತಲ್ಲ, ತಾಯಿಯ ಮೇಲಿನ ದೂರೂ ಅಲ್ಲ.

"ಬೂದೀನ ಬೈಬ್ಯಾಡ್ರಿ. ಅದಕ್ಕೇನು ತಿಳೀತೈತಿ, ಪಾಪ."

ಅಷ್ಟು ಹೇಳಿ ಸತ್ತಳು. ನಾಯಕ ಮಾತಿಗೆ ತಪ್ಪುವವನಲ್ಲ. ಗುಡ್ಡ ಬಲಿ ಬೇಡಿತ್ತು, ತೆಗೆದುಕೊಂಡಿದೆ, ಇನ್ನು ದಾರಿಗೆ ಕೇಡಿಲ್ಲ ಎಂದು ಹೇಳಿ ಅವತ್ತೇ ಹೊಲವನ್ನು ತಂಡಕ್ಕೆ ಬಿಟ್ಟುಕೊಟ್ಟ. ಆ ಎರೆಹೊಲದಲ್ಲಿ ದಾರಿಯವರು ಮೊದಲು ಅಗೆದದ್ದು ಹೊನ್ನೂರಿಯ ಗುಣಿ. ತಿಪ್ಪವ್ವ ಬಯಸಿದ್ದ ಹಾಗೆ ಮೊಮ್ಮಗು ತಮ್ಮದೆನ್ನುವ ನೆಲವನ್ನೇ ಸೇರಿತು.

ಮಣ್ಣು ಮಾಡಿ ಬಂದ ಮೇಲೆ ತಂಡ ಬೇವಿನ ಮರದ ಕೆಳಗೆ ಸೇರಿತು. ದಾರಿಯವರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಸಾವಿಗೆ ದಾರಿ ತೋರಿಸಿದ ಕತ್ತೆಯನ್ನು ಉಳಿಸಬಾರದು, ಅದರ ತಳಿಯೂ ಉಳಿಯಬಾರದು, ಗುಡ್ಡದ ಕಡಿಬಂಡೆಯಿಂದ ತಳ್ಳಬೇಕು. ಬೂದಿಯನ್ನು ತಂದು ನಿಲ್ಲಿಸಿದರು. ಅದು ತಿಪ್ಪವ್ವನ ಸೆರಗನ್ನು ಮೂಸಿ, ಹಿಂಡಿಯಿದೆಯೇ ಎಂದು ನೋಡಿತು. ಗಿರಿಯಜ್ಜ ಕೇಳಿದ.

"ಸುಣ್ಣ ಹಿಡಿದಾಕಿ ನೀನು. ಕತ್ತಿ ತಾನಾಗೇ ದೊಣಿ ಮ್ಯಾಗ ಹೋತು ಅಂತ ಹೇಳಿದ್ದು ಖರೆ ಐತೋ?"

ನಿಜ ಹೇಳಿದರೆ ಬೂದಿ ಉಳಿಯುತ್ತಿತ್ತು. ಆದರೆ ಕತ್ತೆ ಒಪ್ಪಿದ ದಾರಿಯೆಂದು ಹೇಳಿ ಪಡೆದ ಹೊಲ ಹೋಗುತ್ತಿತ್ತು, ಹೊಲದಲ್ಲಿ ಮಲಗಿದ್ದ ಹೊನ್ನೂರಿ ಮತ್ತೆ ಬೇರೆಯವರ ನೆಲದ ಪಾಲಾಗುತ್ತಿದ್ದಳು. ತಿಪ್ಪವ್ವ ಖರೆ ಎಂದಳು.

ಕಡಿಬಂಡೆಗೆ ಬೂದಿಯನ್ನು ಅಟ್ಟಿಕೊಂಡು ಹೋದರು. ಅಂಚು ಇನ್ನೂ ದೂರವಿರುವಾಗಲೇ ಅದು ಕಾಲೂರಿ ನಿಂತಿತು. ತಳ್ಳಿದರು, ಎಳೆದರು, ಅಲುಗಲಿಲ್ಲ. ಯಾರೋ ಕಲ್ಲು ಬೀಸಿದರು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಇನ್ನೊಂದು ಕಲ್ಲು ಹೊಟ್ಟೆಗೆ ಬಿತ್ತು. ಬೂದಿ ಕೂಗಿಕೊಂಡು ತಿಪ್ಪವ್ವನ ಕಡೆಗೇ ತಿರುಗಿತು. ಅವಳಿಗೆ ನೋಡಲಾಗಲಿಲ್ಲ. ಸಾಯುವುದಾದರೆ ಉಣ್ಣುತ್ತಲಾದರೂ ಸಾಯಲಿ ಎಂದು ಅವಳ ಕರುಳಿಗೆ ಅನ್ನಿಸಿತು. ಬೂದಿಗೆಂದು ಅವಳು ದಿನವೂ ಹಿಂಡಿ ತುಂಬಿಕೊಳ್ಳುತ್ತಿದ್ದ ಆ ಚೀಲ ಇನ್ನೂ ಸೊಂಟದಲ್ಲೇ ಇತ್ತು. ಮುಂದೆ ಹೋಗಿ ಅದನ್ನು ಬಿಚ್ಚಿ ಬೂದಿಯ ಮೂತಿಗೆ ಕಟ್ಟಿದಳು. ಕೂಗು ನಿಂತಿತು. ಬೂದಿ ಅಗಿಯುತ್ತ, ಕಿವಿ ಸಡಿಲ ಬಿಟ್ಟು, ಅವಳ ಕೈಯ ಹಿಂದೆ ಒಂದೊಂದೇ ಹೆಜ್ಜೆಯಿಟ್ಟು ಅಂಚಿಗೆ ಬಂತು. ಅವಳು ಪಕ್ಕಕ್ಕೆ ಸರಿದಳು. ಕತ್ತೆ ಸರಿಯಲಿಲ್ಲ. ಅಗಿಯುತ್ತಲೇ ಮುಂದಿನ ಹೆಜ್ಜೆ ಇಟ್ಟಿತು.

ಕೆಳಗಿನ ಸದ್ದು ಅಡಗಿತು. ಹಗ್ಗವಿಲ್ಲದೆ, ಕೋಲಿಲ್ಲದೆ ಕತ್ತೆಯನ್ನು ತನಗೆ ಬೇಕಾದಲ್ಲಿಗೆ ನಡೆಸುವುದು ಹೇಗೆಂದು ಅಲ್ಲಿದ್ದವರೆಲ್ಲ ಈಗತಾನೇ ಕಣ್ಣಾರೆ ನೋಡಿದ್ದರು. ಗಿರಿಯಜ್ಜ ತಿಪ್ಪವ್ವನ ಮುಖ ನೋಡಿದ. ಆಮೇಲೆ ಕೆಳಗೆ ಕಾಣುತ್ತಿದ್ದ ಹೊಲ ನೋಡಿದ. ಅಲ್ಲಿ ಹೆಂಗಸರು ಆಗಲೇ ಬದು ಕಟ್ಟುತ್ತಿದ್ದರು.

"ಕಂಡಿದ್ದು ಕಣ್ಣಾಗೇ ಇರ್ಲಿ, ಬಾಯಿಗೆ ಬರಬಾರ್ದು," ಎಂದ. "ನಡೀರಿ, ಹೊಲ ಹಸನು ಮಾಡೋ ಹೊತ್ತು ಮೀರ್ತೈತಿ."

ಹಾಗೆ ಎಲ್ಲರೂ ಇಳಿದು ಬಂದರು. ತಿಪ್ಪವ್ವನಿಗೆ ಶಿಕ್ಷೆ ಕೊಡಬೇಕಾದರೆ ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಹೇಳಿದರೆ ಹೊಲ ಹೋಗುತ್ತದೆ. ಹಾಗಾಗಿ ಕೊಡಲಿಲ್ಲ. ಅವಳ ಕೈಯ ನೀರು ಕುಡಿಯುವುದನ್ನು ಮಾತ್ರ ಬಿಟ್ಟರು. ಹೊಲದ ಜೋಳವನ್ನು ಎಲ್ಲರೂ ತಿಂದರು. ಆ ಬೇಸಿಗೆಯಲ್ಲೇ ನಾಯಕನ ಬಂಟರು ತಾಯಿಕರಡಿಯನ್ನು ದೊಣೆಯ ಬಳಿ ಈಟಿಯಿಂದ ಕೊಂದರು. ಮರಿಗಳಿಗೆ ಮೂಗು ಚುಚ್ಚಿ ಸರಪಳಿ ಹಾಕಿ ಮಂಟಪದಲ್ಲಿ ಕಟ್ಟಿದರು. ನೆಂಟರು ದ್ರಾಕ್ಷಿ ಎಸೆಯುತ್ತಿದ್ದರಂತೆ. ಮರಿಗಳು ಬಹಳ ದಿನ ಬದುಕಲಿಲ್ಲ. ಮೃಗಗಳು ದೊಣೆಗೆ ಬರುವುದನ್ನು ಬಿಟ್ಟ ಮೇಲೆ ನೆಂಟರೂ ಬರುವುದನ್ನು ಬಿಟ್ಟರು, ಜೇನು ಕೊಳ್ಳುವವರಿಲ್ಲದಂತಾಯಿತು.

ಆಗ ತಿಪ್ಪವ್ವ ಕಲ್ಲು ಹೊರಲು ಶುರು ಮಾಡಿದಳು. ಬೂದಿ ಮೊದಲೆರಡು ಬೆಳಗ್ಗೆ ತಾನಾಗೇ ನಡೆದಿದ್ದ ಸುತ್ತನ್ನು ಅವಳ ಕಾಲು ಮರೆತಿರಲಿಲ್ಲ. ಅದೇ ಜಾಡಿನಲ್ಲಿ, ಗುಂಡಿನ ಹಿಂದೆ ಇಳಿದು, ದೊಣೆ ಕಣ್ಣಿಗೆ ಬೀಳದ ಹಾಗೆ ದಾರಿ ಹಾಕತೊಡಗಿದಳು. ತಂಡದವರು ಕೈ ಕೊಡಲಿಲ್ಲ, ಕತ್ತೆಯನ್ನೂ ಕೊಡಲಿಲ್ಲ. ಒಬ್ಬ ಹೆಂಗಸು ಎತ್ತಬಹುದಾದ ಕಲ್ಲುಗಳನ್ನೇ ಎತ್ತಿದಳು, ವಯಸ್ಸಾದಂತೆ ಕಲ್ಲು ಸಣ್ಣದಾಗುತ್ತ ಹೋಯಿತು. ಒಮ್ಮೆ ನಾಯಕ ಕುದುರೆಯ ಮೇಲೆ ಆ ಕಡೆ ಬಂದವನು ನೋಡಿ ನಕ್ಕ.

"ಏನವ್ವ, ಕರಡೀನೇ ಇಲ್ಲ. ಈ ಬಳಸು ಯಾರಿಗೆ?"

"ಬರೋ ಕರಡಿಗೆ, ದೊರಿ," ಎಂದಳು ತಿಪ್ಪವ್ವ, ಕಲ್ಲು ಇಳಿಸದೆ.

ಬಳಸು ಮುಗಿಯಿತು. ಅವಳು ಬದುಕಿರುವವರೆಗೆ ಅದರ ಮೇಲೆ ಯಾರೂ ನಡೆಯಲಿಲ್ಲ. ನೇರವಾದ, ನುಣುಪಾದ ದಾರಿ ಇರುವಾಗ ಸುತ್ತಿ ಹೋಗಲು ಯಾರಿಗೆ ಹುಚ್ಚು. ಹುಲ್ಲಿನ ಹೊರೆಯವರು ದೊಣೆಯ ಅಂಚಿನಲ್ಲೇ ಹೋಗುತ್ತಿದ್ದರು, ಮುದುಕಿಯ ಬಳಸನ್ನು ನೋಡಿ ನಗುತ್ತಿದ್ದರು. ಅವಳು ಸತ್ತಾಗ ಹೊಲದಲ್ಲಿ ಮಗಳ ಪಕ್ಕ ಜಾಗ ಕೇಳುವವರಿರಲಿಲ್ಲ, ಕೊಡುವವರೂ ಇರಲಿಲ್ಲ. ಹಿಂದಿನವರ ಹಾಗೆ ದಾರಿಯ ಬದಿಯಲ್ಲೇ, ಬಳಸು ತಿರುಗುವ ಕಡೆ ಹೂತರು.

ಮಂಟಪ ಬಿದ್ದುಹೋಗಿದೆ. ಈಗ ನಾಲ್ಕು ಕಂಬಗಳು ಮಾತ್ರ ಉಳಿದಿವೆ, ಒಂದರಲ್ಲಿ ಸರಪಳಿ ಉಜ್ಜಿದ ಗೀರು ಇದೆ. ನಾಯಕನ ವಂಶ ಎಲ್ಲಿ ಹೋಯಿತೋ ತಿಳಿಯದು. ಎಷ್ಟೋ ಕಾಲದ ಮೇಲೆ, ಈಗಿನ ಮುದುಕರ ನೆನಪಿನಲ್ಲಿರುವ ಕಾಲಕ್ಕೆ, ಕರಡಿಗಳು ಮರಳಿ ಬಂದವು. ಸಂಜೆಯಾದರೆ ದೊಣೆಗೆ ಇಳಿಯುತ್ತವೆ. ಚಾರಣದ ದಾರಿಗೆಂದು ಗುಡ್ಡ ಅಳೆಯಲು ಬಂದವರಿಗೆ ಹಟ್ಟಿಯ ಹೆಂಗಸರು, ಬೇರೆ ದಾರಿ ಹುಡುಕಬೇಡಿ, ಇದೆ ಎಂದು ಹೇಳಿ ಬಳಸಿನ ಮೇಲಿನ ಮುಳ್ಳು ಕಡಿದು ತೋರಿಸಿದರು, ಆ ಮುಳ್ಳನ್ನೇ ಎಳೆದು ನೇರ ದಾರಿಗೆ ಅಡ್ಡ ಹಾಕಿದರು. ಈಗ ದಾರಿಯ ವರಮಾನದಲ್ಲಿ ಹಟ್ಟಿಗೆ ಪಾಲಿದೆ, ಕರಡಿಗೂ ಅದರ ನೀರಿದೆ. ಗುಡ್ಡದ ಬುಡದ ಎರೆಹೊಲದಲ್ಲಿ ಇನ್ನೂ ಜೋಳ ಬೆಳೆಯುತ್ತಾರೆ. ಅದರ ಒಂದು ಮೂಲೆಗೆ ಮಾತ್ರ ನೇಗಿಲು ಹಾಯಿಸುವುದಿಲ್ಲ.

ಬಳಸು ತಿರುಗುವಲ್ಲಿ ಮೊಣಕಾಲೆತ್ತರದ ಒಂದು ಕತ್ತೆಯ ಕಲ್ಲಿದೆ, ಯಾರು ಕೆತ್ತಿದರೋ ತಿಳಿಯದು. ದೊಣೆಯ ಕಡೆ ಮೂಗೆತ್ತಿ, ಕಿವಿ ಹಿಂದಕ್ಕೆ ಹಾಕಿ ನಿಂತಿದೆ. ಬಂದವರಿಗೆ ಅದನ್ನು ಕಂಡರೆ ನಗು. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮಕ್ಕಳು ಅದರ ಬಾಯಿಗೆ ಬಿಸ್ಕತ್ತು ತುರುಕುತ್ತಾರೆ, ಕೆಲವರು ಬಿಸಿಲಿಗೆಂದು ತಲೆಗೆ ಕಟ್ಟಿದ್ದ ಕರವಸ್ತ್ರವನ್ನು ಬಿಚ್ಚಿ ಅದರ ಮುಖಕ್ಕೆ ಕಟ್ಟಿ ಆಟವಾಡುತ್ತಾರೆ. ಹಟ್ಟಿಯ ಹೆಂಗಸರು ಬಂದವರೊಡನೆ ಜಗಳಕ್ಕೆ ಹೋಗುವುದಿಲ್ಲ. ಸಂಜೆ ಕಮಾನಿನ ಬಾಗಿಲು ಹಾಕುವ ಮೊದಲು ಅವರಲ್ಲಿ ಒಬ್ಬಳು ತಪ್ಪದೆ ಮೇಲೆ ಹತ್ತಿ ಬರುತ್ತಾಳೆ. ಕಟ್ಟಿದ ಬಟ್ಟೆಯನ್ನು ಬಿಚ್ಚುತ್ತಾಳೆ, ಬಿಸ್ಕತ್ತಿನ ಚೂರುಗಳನ್ನು ಬೆರಳಿನಿಂದ ಕೆದಕಿ ತೆಗೆಯುತ್ತಾಳೆ, ಸೆರಗಿನ ತುದಿಯಿಂದ ಆ ಕಲ್ಲಿನ ಮೂಗನ್ನು ಒರೆಸಿ ಇಳಿದುಹೋಗುತ್ತಾಳೆ.